ನೀರೆಂದರೂ ನಾಡೇ

ಆಟ ಮುಗಿಯುವ ಹೊತ್ತಿಗೆ ಕೊಳದ ಹಿಂಬದಿಯ ಬಿದಿರಿನ ತಡಿಕೆ ಸರಿಯುತ್ತದೆ. ಅದರ ಮರೆಯಿಂದ ಏಳೆಂಟು ಮಂದಿ ಸೊಂಟಮಟ್ಟದ ನೀರಿನಲ್ಲೇ ನಡೆದು ಬಂದು ಪ್ರೇಕ್ಷಕರಿಗೆ ತಲೆಬಾಗಿ ನಿಲ್ಲುತ್ತಾರೆ. ಅಷ್ಟು ಹೊತ್ತೂ ನೀರಿನ ಮೇಲೆ ನಾಟಿ ಹಾಕುತ್ತಿದ್ದ ಹೆಂಗಸರು, ಬಾತುಕೋಳಿಯ ಹಿಂಡಿಗೆ ನುಗ್ಗಿದ ನರಿ, ಬಾಯಿಂದ ಕಿಡಿ ಉಗುಳುತ್ತಿದ್ದ ಡ್ರ್ಯಾಗನ್ನುಗಳು, ಎಲ್ಲವನ್ನೂ ಆಡಿಸುತ್ತಿದ್ದವರು ಇವರೇ. ನೀರಿನಡಿ ಚಾಚಿದ ಉದ್ದನೆಯ ಬಿದಿರು, ಅದರ ತುದಿಗೆ ಗೊಂಬೆ. ಹನೋಯಿ ನಗರದ ನಡುವಿನ ಹೋವಾನ್ ಕೀಮ್ ಕೆರೆಯ ದಂಡೆಯ ರಂಗಮಂದಿರದಲ್ಲಿ ದಿನವೂ ನಡೆಯುವ ಈ ಜಲಗೊಂಬೆಯಾಟ ಈಗ ಪ್ರವಾಸಿಗರ ಪಟ್ಟಿಯಲ್ಲಿ ಒಂದು ಗಂಟೆಯ ಬಾಬತ್ತು. ಆದರೂ ವಿಯೆಟ್ನಾಂ ಕಾಣಲು ಹೊರಟವರು ಮೊದಲು ನೋಡಬೇಕಾದ್ದು ಇದನ್ನೇ ಎಂದು ನನಗೆ ಅನ್ನಿಸುತ್ತದೆ. ನೀರಿನೊಳಗೆ ನಿಂತೇ ಬದುಕು ಕಟ್ಟಿದ ಜನ ಅವರು. ಆಟವನ್ನೂ ನೀರಿನೊಳಗೆ ನಿಂತೇ ಕಟ್ಟಿದ್ದಾರೆ.

ಇದರ ಹುಟ್ಟೂರು ಉತ್ತರದ ಕೆಂಪು ನದಿಯ ಬಯಲು. ಗದ್ದೆಯಲ್ಲಿ ನೀರು ನಿಲ್ಲುವ ಕಾಲದಲ್ಲಿ, ಊರಕೊಳದಲ್ಲಿ, ರೈತರೇ ಕಟ್ಟಿ ಆಡಿದ ಆಟ. ಹಾ ನಾಮ್ ಸೀಮೆಯ ದೋಯಿ ಗುಡ್ಡದ ಬೌದ್ಧ ವಿಹಾರದಲ್ಲಿರುವ 1121ರ ಶಿಲಾಶಾಸನ, ರಾಜನ ಎದುರು ನೀರಿನಲ್ಲಿ ಈಜಿಬಂದ ಚಿನ್ನದ ಆಮೆಯ ಆಟವನ್ನು ಬಣ್ಣಿಸುತ್ತದೆ. ಗೊಂಬೆ ಕೆತ್ತುವುದು ಅತ್ತಿ ಮರದಲ್ಲಿ. ಅದು ಹಗುರ, ತೇಲುತ್ತದೆ. ಮರದ ಹಾಲಿನಿಂದ ತಯಾರಿಸಿದ ಮೆರುಗೆಣ್ಣೆಯನ್ನು ಪದರ ಪದರವಾಗಿ ಬಳಿದರೆ ನೀರು ಕುಡಿಯುವುದಿಲ್ಲ. ಬಿದಿರು, ಹುರಿ, ಚುಕ್ಕಾಣಿಗಳ ಒಳಗುಟ್ಟನ್ನು ಹಳ್ಳಿಯ ತಂಡಗಳು ಹೊರಗಿನವರಿಗೆ ಬಿಟ್ಟುಕೊಡುತ್ತಿರಲಿಲ್ಲ. ನಾಳೆ ಬೇರೆ ಊರಿಗೆ ಮದುವೆಯಾಗಿ ಹೋಗುವವರೆಂದು ಮನೆಯ ಹೆಣ್ಣುಮಕ್ಕಳಿಗೂ ಕಲಿಸುತ್ತಿರಲಿಲ್ಲವಂತೆ. ಇಂದು ತಡಿಕೆಯ ಹಿಂದಿನಿಂದ ಬರುವವರಲ್ಲಿ ಹೆಂಗಸರೂ ಇದ್ದಾರೆ.

ಯಕ್ಷಗಾನದಲ್ಲಿ ಕೋಡಂಗಿ ಮೊದಲು ರಂಗಕ್ಕೆ ಬರುವಂತೆ ಇಲ್ಲಿ ಮೊದಲು ಬರುವವನು ‘ಚು ತೆವು’. ಡೊಳ್ಳುಹೊಟ್ಟೆ, ತುಂಡುಬಟ್ಟೆ, ಮಾಸದ ನಗು. ‘ಚು’ ಎಂದರೆ ಚಿಕ್ಕಪ್ಪ. ಗೊಂಬೆಗೂ ಒಂದು ನಂಟಿನ ಹೆಸರು ಬೇಕು, ಏಕೆಂದರೆ ವಿಯೆಟ್ನಾಮೀಯರ ಮಾತಿನಲ್ಲಿ ಎಲ್ಲ ಕಡೆಯೂ ಸಲ್ಲುವ ‘ನಾನು-ನೀನು’ ಇಲ್ಲ. ಎದುರಿನವರು ಅಣ್ಣನೋ ತಮ್ಮನೋ, ದೊಡ್ಡಪ್ಪನೋ ಚಿಕ್ಕಪ್ಪನೋ ಎಂದು ಗೊತ್ತಾಗದೆ ವಾಕ್ಯವೇ ಹೊರಡುವುದಿಲ್ಲ. ಹಾಗಾಗಿ ಪರಿಚಯವಾದ ಎರಡನೇ ನಿಮಿಷಕ್ಕೇ ವಯಸ್ಸು ಕೇಳುತ್ತಾರೆ. ಅದು ಅಧಿಕಪ್ರಸಂಗವಲ್ಲ, ವ್ಯಾಕರಣ. ಕಿರಿಯವನು ತನ್ನನ್ನೂ ‘ಎಮ್’ ಎಂದೇ ಕರೆದುಕೊಳ್ಳುತ್ತಾನೆ. ‘ತಮ್ಮ ನಾಳೆ ಬರ್ತಾನೆ ಅಣ್ಣಾ’ ಎಂದಂತೆ. ಬಸ್ಸಿನ ಕಂಡಕ್ಟರನನ್ನೂ ತರಕಾರಿಯವಳನ್ನೂ ಅಣ್ಣ, ಅಕ್ಕ ಎನ್ನುವ ನಮಗೆ ಇದು ಅರ್ಥವಾಗುವುದು ಕಷ್ಟವಲ್ಲ. ಅವರು ನಮಗಿಂತ ಒಂದು ಹೆಜ್ಜೆ ಮುಂದೆ ಹೋಗಿದ್ದಾರೆ, ಅಷ್ಟೆ.

ಅವರ ಭಾಷೆಯಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ ಇನ್ನೊಂದು ಪದ ‘ನುವಕ್’. ಅರ್ಥ ನೀರು. ಎಳನೀರು ‘ನುವಕ್ ಜುವಾ’, ಕಣ್ಣೀರು ‘ನುವಕ್ ಮತ್’. ಕಣ್ಣಿನ ನೀರಿಗೆ ನಾವು ಮಾಡಿಕೊಂಡಂಥದೇ ಜೋಡುಪದ. ಅಡುಗೆಮನೆಯಲ್ಲಿ ಉಪ್ಪಿಗಿಂತ ಮುಂದೆ ಇರುವ ಮೀನಿನ ರಸ ‘ನುವಕ್ ಮಮ್’. ಬೆರಳುದ್ದದ ಆಂಚೊವಿ ಮೀನು ಮೂರು ಪಾಲು, ಉಪ್ಪು ಒಂದು ಪಾಲು ಹಾಕಿ ಮರದ ದೊಡ್ಡ ಪೀಪಾಯಿಗಳಲ್ಲಿ ವರ್ಷದ ಮಟ್ಟಿಗೆ ಕಳಿಯಲು ಬಿಟ್ಟರೆ ತಳದಿಂದ ಇಳಿಯುವ ಜೇನುಬಣ್ಣದ ರಸ ಅದು. ಇದೇ ‘ನುವಕ್’ಗೆ ಇನ್ನೊಂದು ಅರ್ಥವೂ ಇದೆ: ದೇಶ. ಇಂಡಿಯಾ ದೇಶ ಎನ್ನಬೇಕಾದರೂ ಆ ನೀರಿನ ಪದವೇ ಬೇಕು. ತಾಯ್ನಾಡಿಗೆ ಅವರು ಹೇಳುವುದು ‘ದತ್ ನುವಕ್’, ಅಂದರೆ ಮಣ್ಣು-ನೀರು. ‘ನೆಲ-ಜಲ’ ಎಂದು ಘೋಷಣೆ ಕೂಗಿ ಬೆಳೆದ ನಾಡಿನವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ನಾವು ಎರಡನ್ನೂ ಜೊತೆಗಿಟ್ಟೆವು. ಅವರಲ್ಲಿ ನೀರು ಒಂದೇ ನಾಡನ್ನು ಹೊತ್ತುಕೊಂಡಿದೆ.

ಅವರ ಮೂಲಕಥೆ ಕೂಡ ನೀರಿನದೇ. ನೀರಿನ ಒಡೆಯನಾದ ಡ್ರ್ಯಾಗನ್ ರಾಜ ಲಾಕ್ ಲಾಂಗ್ ಕ್ವಾನ್, ಬೆಟ್ಟದ ಅಪ್ಸರೆ ಅವ್ ಕಾ. ಇವರಿಬ್ಬರಿಗೆ ನೂರು ಮೊಟ್ಟೆ, ನೂರು ಗಂಡುಮಕ್ಕಳು. ನೀರೂ ಬೆಟ್ಟವೂ ಎಷ್ಟು ದಿನ ಒಟ್ಟಿಗೆ ಬಾಳಬಹುದು? ಐವತ್ತು ಮಕ್ಕಳು ಅಪ್ಪನ ಜೊತೆ ಕಡಲಿಗೆ ಇಳಿದರು, ಐವತ್ತು ಮಂದಿ ಅಮ್ಮನ ಜೊತೆ ಬೆಟ್ಟ ಹತ್ತಿದರು. ಹಿರಿಯ ಮಗನೇ ಮೊದಲ ಹುಂಗ್ ರಾಜ. ಅವನ ವಂಶದ ಹದಿನೆಂಟನೆಯ ರಾಜನ ಮಗಳಿಗಾಗಿ ಬೆಟ್ಟದ ದೇವರೂ ನೀರಿನ ದೇವರೂ ಪೈಪೋಟಿಗೆ ಬಿದ್ದರು ಎಂಬುದು ಮುಂದಿನ ಕಥೆ. ಬೆಟ್ಟದವನು ಮೊದಲು ಉಡುಗೊರೆ ತಂದು ಹುಡುಗಿಯನ್ನು ಕರೆದೊಯ್ದ. ತಡವಾಗಿ ಬಂದ ನೀರಿನವನು ಇಂದಿಗೂ ಸಿಟ್ಟು ಬಿಟ್ಟಿಲ್ಲ, ಪ್ರತಿವರ್ಷ ಏರಿ ಬರುತ್ತಾನೆ. ಬೆಟ್ಟ ಅವನಷ್ಟೇ ಎತ್ತರಕ್ಕೆ ಬೆಳೆಯುತ್ತದೆ.

ಆ ಬೆಟ್ಟ ಯಾವುದೆಂದು ಹನೋಯಿಯಲ್ಲಿ ಕಣ್ಣಾರೆ ಕಾಣಬಹುದು. ಹೂಳಿನಿಂದ ಕೆಂಪಾದ ನದಿ ನಗರದ ಪಕ್ಕದಲ್ಲೇ ಹರಿಯುತ್ತದೆ. ‘ಹಾ’ ಎಂದರೆ ನದಿ, ‘ನೊಯ್’ ಎಂದರೆ ಒಳಗೆ. ನದಿಗಳ ಒಳಗಿನ ಊರೇ ಹನೋಯಿ. 1010ರಲ್ಲಿ ಲೀ ವಂಶದ ರಾಜ ರಾಜಧಾನಿಯನ್ನು ಇಲ್ಲಿಗೆ ತಂದಂದಿನಿಂದ ಇಲ್ಲಿಯ ಆಡಳಿತದ ಮೊದಲ ಕೆಲಸ ಏರಿ ಕಟ್ಟುವುದು, ಕಟ್ಟಿದ್ದನ್ನು ಕಾಯುವುದು. 1248ರಲ್ಲಿ ತ್ರಾನ್ ವಂಶದ ಅರಸ ಏರಿಗಳಿಗೆಂದೇ ಅಧಿಕಾರಿಗಳನ್ನು ನೇಮಿಸಿದ. ಶತಮಾನಗಳ ಕಾಲ ಬುಟ್ಟಿಯಲ್ಲಿ ಮಣ್ಣು ಹೊತ್ತು ಏರಿಸಿದ ಆ ದಿಬ್ಬವೇ ಕಥೆಯಲ್ಲಿ ಬೆಳೆಯುವ ಬೆಟ್ಟ. ಇಂದು ನಗರದ ಉತ್ತರಕ್ಕೆ ಎತ್ತರದಲ್ಲಿ ಸಾಗುವ, ಸ್ಕೂಟರುಗಳಿಂದ ತುಂಬಿದ ರಸ್ತೆ ಹಳೆಯ ಏರಿಯ ನೆತ್ತಿಯ ಮೇಲಿದೆ. ಅದರ ಒಂದು ಭಾಗಕ್ಕೆ ಬೆಟ್ಟದ ತಾಯಿಯ ಹೆಸರೇ ಇಟ್ಟಿದ್ದಾರೆ, ಅವ್ ಕಾ ರಸ್ತೆ ಎಂದು.

ಈ ನೀರು ವೈರಿ ಮಾತ್ರ ಅಲ್ಲ. ಚಾಂದ್ರಮಾನ ವರ್ಷದ ಕೊನೆಯ ತಿಂಗಳ 23ನೇ ದಿನ ಮನೆಮನೆಯ ಒಲೆದೇವರು ಆ ವರ್ಷ ಮನೆಯಲ್ಲಿ ನಡೆದದ್ದನ್ನೆಲ್ಲ ವರದಿ ಮಾಡಲು ಸ್ವರ್ಗಕ್ಕೆ ಹೊರಡುತ್ತಾನೆ. ಅವನ ವಾಹನ ಗೆಂಡೆಮೀನಿನ ಜಾತಿಯ ಕಾರ್ಪ್. ಆ ದಿನ ಜನ ಜೀವಂತ ಮೀನು ಕೊಂಡು ತಂದು ಕೆರೆಗೋ ನದಿಗೋ ಬಿಡುತ್ತಾರೆ. ವಾರ ಕಳೆದರೆ ಹೊಸವರ್ಷದ ತೆತ್ ಹಬ್ಬ. ಅಂಟಕ್ಕಿ, ಹೆಸರುಬೇಳೆ, ಹಂದಿಮಾಂಸವನ್ನು ಅಗಲ ಎಲೆಯಲ್ಲಿ ಚೌಕವಾಗಿ ಕಟ್ಟಿ, ರಾತ್ರಿಯಿಡೀ ಹಂಡೆಯಲ್ಲಿ ಬೇಯಿಸುವ ‘ಬಾನ್ ಚುಂಗ್’ ಎಂಬ ಕಡುಬಿನ ಸುತ್ತ ಮನೆಮಂದಿಯೆಲ್ಲ ಕುಳಿತು ಬೆಂಕಿ ಕಾಯುತ್ತಾರೆ. ಪೂರ್ವಜರ ಪೀಠಕ್ಕೆ ಎಡೆಯಾದ ಮೇಲೆಯೇ ಊಟ.

ಚರಿತ್ರೆಯ ದೊಡ್ಡ ತಿರುವು ಕೂಡ ಒಂದು ಉಬ್ಬರ-ಇಳಿತದ ನಡುವೆ ನಡೆದುಹೋಯಿತು. ಕ್ರಿ.ಪೂ. 111ರಿಂದ ಸುಮಾರು ಸಾವಿರ ವರ್ಷ ಈ ನೆಲ, ನಡುನಡುವೆ ಬಂಡೆದ್ದರೂ, ಚೀನೀ ಅರಸರ ಕೈಯಲ್ಲಿತ್ತು. 938ರಲ್ಲಿ ಙೋ ಕ್ವಿಯನ್ ಎಂಬ ದಂಡನಾಯಕ ಬಾಕ್ ದಾಂಗ್ ನದಿಯ ತಳದಲ್ಲಿ ತುದಿಗೆ ಕಬ್ಬಿಣ ತೊಡಿಸಿದ ಮರದ ಗೂಟಗಳನ್ನು ಸಾಲಾಗಿ ಹೂಳಿಸಿದ. ಉಬ್ಬರದಲ್ಲಿ ಗೂಟ ಕಾಣುವುದಿಲ್ಲ. ಸಣ್ಣ ದೋಣಿಗಳು ಕೆಣಕಿ ಓಡಿದವು, ಚೀನೀ ನೌಕೆಗಳು ಅಟ್ಟಿಸಿಕೊಂಡು ಒಳಬಂದವು. ನೀರು ಇಳಿಯತೊಡಗಿದಾಗ ಹಡಗುಗಳ ಹೊಟ್ಟೆ ಗೂಟಕ್ಕೆ ಸಿಕ್ಕಿತು. 350 ವರ್ಷ ಕಳೆದು, 1288ರಲ್ಲಿ, ಕುಬ್ಲೈ ಖಾನನ ನೌಕಾಪಡೆಯನ್ನು ತ್ರಾನ್ ಹುಂಗ್ ದಾವ್ ಅದೇ ನದಿಯಲ್ಲಿ, ಅದೇ ಉಪಾಯದಿಂದ ಮುರಿದ. ಕೆಸರಿನಲ್ಲಿ ಉಳಿದಿದ್ದ ಗೂಟಗಳನ್ನು ಕಾಲಾನಂತರ ಗದ್ದೆಗಳಲ್ಲಿ ಅಗೆದು ತೆಗೆದಿದ್ದಾರೆ. ತಮ್ಮ ನೀರು ಯಾವ ಹೊತ್ತಿಗೆ ಏರುತ್ತದೆ, ಎಷ್ಟು ಹೊತ್ತಿಗೆ ಇಳಿಯುತ್ತದೆ ಎಂದು ಅಲ್ಲಿಯ ಬೆಸ್ತರಿಗೆ ಗೊತ್ತಿದ್ದದ್ದು ಚಕ್ರವರ್ತಿಗಳಿಗೆ ಗೊತ್ತಿರಲಿಲ್ಲ. 15ನೇ ಶತಮಾನದಲ್ಲಿ ಮಿಂಗ್ ಸೇನೆಯನ್ನು ಹೊರಗಟ್ಟಿದ ಲೆ ಲೋಯ್ ಕುರಿತ ಐತಿಹ್ಯದಲ್ಲೂ ಗೆಲುವಿನ ಕತ್ತಿಯನ್ನು ಮರಳಿ ಕೇಳುವುದು ಕೆರೆಯ ಆಮೆ. ಹೋವಾನ್ ಕೀಮ್ ಎಂದರೆ ಕತ್ತಿ ಮರಳಿಸಿದ್ದು ಎಂದೇ ಅರ್ಥ.

ಇಲ್ಲೊಂದು ಸಣ್ಣ ಮಾತು. ಮೇಲೆ ಬರೆದ ‘ಙೋ’ ಅಚ್ಚಿನ ತಪ್ಪಲ್ಲ. ಒಂದನೇ ತರಗತಿಯಲ್ಲಿ ಬಾಯಿಪಾಠ ಮಾಡಿ ಆಮೇಲೆ ನಾವು ಹೆಚ್ಚುಕಡಿಮೆ ಮರೆತೇಬಿಡುವ ಙ, ಞ ಅಕ್ಷರಗಳಿಗೆ ಆ ಭಾಷೆಯಲ್ಲಿ ದಿನವೂ ಕೆಲಸ. ಅಲ್ಲಿ ಅತಿ ಹೆಚ್ಚು ಜನರಿಗಿರುವ ಮನೆತನದ ಹೆಸರು ಙುಯೆನ್, ಮನೆ ಎಂಬುದಕ್ಕೆ ಪದ ಞಾ. ಇಂಗ್ಲಿಷಿನವರು ತಡವರಿಸುವ ಹೆಸರುಗಳನ್ನು ಕನ್ನಡದ ವರ್ಣಮಾಲೆ ಸಲೀಸಾಗಿ ಬರೆದುಕೊಳ್ಳುತ್ತದೆ.

ನಡುನಾಡಿಗೆ ಇಳಿದರೆ ತೂ ಬೋನ್ ನದಿ. ಕಡಲಿನ ಕಡೆ ಹೋಯ್ ಆನ್, ಒಳನಾಡಿನ ಕಡೆ ಮೀ ಸನ್. ಎರಡೂ 1999ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದವು. 16, 17ನೇ ಶತಮಾನಗಳಲ್ಲಿ ಹೋಯ್ ಆನ್‌ನಲ್ಲಿ ಜಪಾನಿ, ಚೀನೀ, ಐರೋಪ್ಯ ವ್ಯಾಪಾರಿಗಳು ರೇಷ್ಮೆ, ಪಿಂಗಾಣಿಗಾಗಿ ಬೀಡುಬಿಟ್ಟಿದ್ದರು. ನದಿಯ ಬಾಯಿ ಹೂಳಿನಿಂದ ಮುಚ್ಚುತ್ತಾ ಬಂದು ದೊಡ್ಡ ಹಡಗುಗಳು ದಾ ನಾಂಗ್ ಕಡೆ ತಿರುಗಿದವು. ಬಂದರು ಬಡವಾಯಿತು, ಆದ್ದರಿಂದಲೇ ಹಳೆಯ ಊರು ಕೆಡವದೆ ಉಳಿಯಿತು. ಮಳೆಗಾಲದ ಕೊನೆಗೆ, ಅಕ್ಟೋಬರ್ ನವೆಂಬರ್‌ನಲ್ಲಿ, ನದಿ ಬೀದಿಗೆ ಬರುತ್ತದೆ. ವ್ಯಾಪಾರಿಗಳ ಹಳೆಯ ಮನೆಗಳಲ್ಲಿ ಗೋಡೆಯ ಮೇಲೆ ವರ್ಷವಾರು ನೀರಿನ ಗುರುತು ಹಾಕಿದ್ದಾರೆ. 1964ರ ಮಹಾಪ್ರವಾಹದ ಗೆರೆಯನ್ನು ನೋಡಬೇಕಾದರೆ ತಲೆ ಎತ್ತಬೇಕು. ಅಟ್ಟದ ನೆಲದಲ್ಲಿ ಒಂದು ಚೌಕದ ಕಿಂಡಿ, ಅದಕ್ಕೊಂದು ಮುಚ್ಚಳ, ಮೇಲೆ ರಾಟೆ. ನೀರು ಹೊಸಿಲು ದಾಟುವ ಮೊದಲೇ ಸರಕು ಅಟ್ಟ ಸೇರುತ್ತದೆ. ನೀರು ಇಳಿದ ಮರುದಿನ ಕೆಸರು ತೊಳೆದು ಅಂಗಡಿ ತೆರೆಯುತ್ತಾರೆ.

ಈ ಊರಿನ ‘ಕಾವ್ ಲಾವ್’ ಎಂಬ ಶಾವಿಗೆ ಬೇರೆಲ್ಲೂ ಹೀಗೆ ಬರುವುದಿಲ್ಲ ಎಂದು ಇಲ್ಲಿಯವರ ವಾದ. ಅಕ್ಕಿ ನೆನೆಸಲು ಬೂದಿಯ ತಿಳಿನೀರು ಬೇಕು, ಆ ನೀರು ಬಾ ಲೆ ಬಾವಿಯದೇ ಆಗಬೇಕು. ಇಟ್ಟಿಗೆಯ ಆ ಚೌಕಬಾವಿಯನ್ನು ತೋಡಿದವರು ವಿಯೆಟ್ನಾಮೀಯರಲ್ಲ, ಅವರಿಗಿಂತ ಮೊದಲು ಇಲ್ಲಿದ್ದ ಚಾಮ್ ಜನ. ಅವರ ಚಂಪಾ ರಾಜ್ಯಗಳ ಹೆಸರು ಕೇಳಿ: ಅಮರಾವತಿ, ವಿಜಯ, ಕೌಠಾರ, ಪಾಂಡುರಂಗ. ನಾಲ್ಕನೇ ಶತಮಾನದ ಕೊನೆಯ ಹೊತ್ತಿಗೆ ಭದ್ರವರ್ಮನೆಂಬ ಅರಸ ಮೀ ಸನ್ ಕಣಿವೆಯಲ್ಲಿ ಭದ್ರೇಶ್ವರನನ್ನು ಪ್ರತಿಷ್ಠಾಪಿಸಿದ. ಅಲ್ಲಿಂದ ಮುಂದೆ 13ನೇ ಶತಮಾನದವರೆಗೂ ರಾಜರು ಒಬ್ಬರಾದ ಮೇಲೊಬ್ಬರು ಇಟ್ಟಿಗೆಯ ಗೋಪುರಗುಡಿಗಳನ್ನು ಕಟ್ಟಿಸಿದರು. ಆ ಇಟ್ಟಿಗೆಗಳ ನಡುವೆ ಗಾರೆ ಕಣ್ಣಿಗೆ ಕಾಣುವುದಿಲ್ಲ, ಕೂದಲು ತೂರದಷ್ಟು ಬಿಗಿ.

ಸಮೀಪದ ದೋಂಗ್ ಯೆನ್ ಚೌ ಎಂಬಲ್ಲಿ ಸಿಕ್ಕ ಸುಮಾರು 4ನೇ ಶತಮಾನದ ಒಂದು ಪುಟ್ಟ ಶಾಸನ ನನಗೆ ಈ ಎಲ್ಲ ಗೋಪುರಗಳಿಗಿಂತ ಹತ್ತಿರದ್ದು. ಭಾಷೆ ಹಳೆಯ ಚಾಮ್, ಲಿಪಿ ದಕ್ಷಿಣ ಬ್ರಾಹ್ಮಿಯ ಕವಲು, ಅಂದರೆ ನಮ್ಮ ಕನ್ನಡ ಲಿಪಿಯ ದಾಯಾದಿ. ವಿಷಯ ರಾಜನ ನಾಗ. ಈ ನಾಗನನ್ನು ಗೌರವಿಸಿದವರಿಗೆ ಸಂಪತ್ತು, ಅವಮಾನಿಸಿದವರಿಗೆ ಏಳು ತಲೆಮಾರಿನ ಸಮೇತ ನರಕ ಎಂದು ಅದರ ತಾತ್ಪರ್ಯ. ಆ ನಾಗ ನೀರಿನ ಸೆಲೆಯನ್ನು ಕಾಯುತ್ತಿದ್ದಿರಬೇಕು ಎಂದು ವಿದ್ವಾಂಸರು ಊಹಿಸುತ್ತಾರೆ. ಹಲ್ಮಿಡಿಯಿಂದ ಮೊದಲ್ಗೊಂಡು ನಮ್ಮ ಶಾಸನಗಳ ಕೊನೆಯ ಶಾಪವನ್ನು ಓದಿದವರಿಗೆ, ಬಾವಿಯ ಪಕ್ಕದ ನಾಗರಕಲ್ಲಿಗೆ ಹಾಲೆರೆದವರಿಗೆ, ಆ ಕಲ್ಲು ಪರದೇಶದ್ದು ಅನ್ನಿಸುವುದಿಲ್ಲ.

ಈ ಕಣಿವೆಯ ನೋವನ್ನೂ ಹೇಳಬೇಕು. 1969ರ ಆಗಸ್ಟಿನಲ್ಲಿ ಅಮೆರಿಕದ ಬಾಂಬುಗಳು ಮೀ ಸನ್‌ನ ಅತ್ಯಂತ ಸುಂದರ ಗೋಪುರವನ್ನು ಕೆಡವಿದವು. ಗುಡಿಗಳ ನಡುವೆ ಇಂದಿಗೂ ಬಾಂಬು ಬಿದ್ದ ಗುಂಡಿಗಳು ಹುಲ್ಲು ಬೆಳೆದುಕೊಂಡು ನಿಂತಿವೆ. ಭಾರತೀಯ ಪುರಾತತ್ವ ಸರ್ವೇಕ್ಷಣ ಇಲಾಖೆಯವರು ಇಲ್ಲಿ ಜೀರ್ಣೋದ್ಧಾರಕ್ಕೆ ಕೈಹಾಕಿದಾಗ, 2020ರ ಮೇ ತಿಂಗಳಲ್ಲಿ, 9ನೇ ಶತಮಾನದ ಏಕಶಿಲೆಯ ಶಿವಲಿಂಗ ಮಣ್ಣಿನಿಂದ ಎದ್ದುಬಂತು. ಆದರೆ ಚಾಮರ ರಾಜ್ಯ ಅಳಿದದ್ದು ಅಮೆರಿಕದಿಂದಲ್ಲ. 1471ರಲ್ಲಿ ವಿಯೆಟ್ನಾಮಿನ ಅರಸ ಲೆ ತಾನ್ ತೋಂಗ್ ವಿಜಯ ನಗರವನ್ನು ಗೆದ್ದ, 1832ರಲ್ಲಿ ಚಕ್ರವರ್ತಿ ಮಿನ್ ಮಾಂಗ್ ಕೊನೆಯದಾದ ಪಾಂಡುರಂಗವನ್ನೂ ನುಂಗಿದ. ಪರರ ಆಳ್ವಿಕೆಗೆ ಇಷ್ಟು ದಿಟ್ಟವಾಗಿ ಎದುರು ನಿಂತ ಜನ ದಕ್ಷಿಣಕ್ಕೆ ತಾವೂ ಪರರ ನೆಲ-ನೀರನ್ನು ಗೆದ್ದುಕೊಂಡೇ ಬೆಳೆದರು.

ಪಾಂಡುರಂಗ ಈಗ ಫಾನ್ ರಾಂಗ್. ಹೆಸರನ್ನು ನಿಧಾನವಾಗಿ ಹೇಳಿದರೆ ಹಳೆಯದು ಕೇಳಿಸುತ್ತದೆ. ಹರಿದಾಸರು ಹಾಡಿದ ಪಂಢರಪುರದ ಪಾಂಡುರಂಗನೊಂದಿಗೆ ಇದನ್ನು ಅವಸರದಿಂದ ಗಂಟುಹಾಕಬಾರದು, ಇಲ್ಲಿಯ ದೈವ ಶಿವ. ವಿಯೆಟ್ನಾಮಿನಲ್ಲೇ ಅತ್ಯಂತ ಒಣಸೀಮೆ ಇದು. ಪಾಪಾಸುಕಳ್ಳಿ ಬೆಳೆದ ಗುಡ್ಡದ ಮೇಲೆ ಪೋ ಕ್ಲಾಂಗ್ ಗರೈ ಎಂಬ ಅರಸನ ಗುಡಿ, ಗರ್ಭಗುಡಿಯಲ್ಲಿ ಮುಖಲಿಂಗ. ಆ ರಾಜನನ್ನು ಜನ ನೆನೆಯುವುದು ಯುದ್ಧಕ್ಕಲ್ಲ, ಅಣೆಕಟ್ಟು ಕಟ್ಟಿ ಗದ್ದೆಗೆ ನೀರು ತಂದದ್ದಕ್ಕೆ. ನಮ್ಮ ಬಯಲುಸೀಮೆಯ ಕೆರೆ ಕಟ್ಟಿಸಿದ ಪಾಳೆಯಗಾರರು ನೆನಪಾಗುತ್ತಾರೆ. ಇಲ್ಲಿಯ ಚಾಮರಲ್ಲಿ ಒಂದು ಪಂಗಡ ತಮ್ಮನ್ನು ‘ಬಲಮೋನ್’ ಎನ್ನುತ್ತಾರೆ, ಬ್ರಾಹ್ಮಣ ಎಂಬುದರ ರೂಪ. ಇನ್ನೊಂದು ಪಂಗಡ ‘ಬಾನಿ’, ಇಸ್ಲಾಮನ್ನು ತಮ್ಮದೇ ರೀತಿಯಲ್ಲಿ ಒಳಗೊಂಡವರು. ಕಾಟೆ ಹಬ್ಬದ ದಿನ ರಾಜನ ಉಡುಪನ್ನು ಬೆಟ್ಟದ ರಾಗ್ಲೈ ಜನ ಮೆರವಣಿಗೆಯಲ್ಲಿ ಇಳಿಸಿ ತರುತ್ತಾರೆ. ವರ್ಷವಿಡೀ ಅದನ್ನು ಜೋಪಾನ ಮಾಡುವವರು ಅವರೇ.

ಪಶ್ಚಿಮದ ಮಲೆನಾಡು ದಾಕ್ ಲಾಕ್. ಮ್ನೊಂಗ್ ಜನರ ನುಡಿಯಲ್ಲಿ ‘ದಾಕ್’ ಎಂದರೆ ನೀರು. ನಮ್ಮ ಸಂತಾಲಿಯಲ್ಲೂ ನೀರಿಗೆ ಅದೇ ಪದ. ‘ನುವಕ್’ ಕೂಡ ಇದೇ ಬೇರಿನದು ಎನ್ನುತ್ತಾರೆ ಭಾಷಾಶಾಸ್ತ್ರಜ್ಞರು. ಇಲ್ಲಿಯ ಕೆಮ್ಮಣ್ಣಿನಲ್ಲಿ ಬೆಳೆಯುವ ರೊಬಸ್ಟಾ, ಬ್ರೆಜಿಲ್ ಬಿಟ್ಟರೆ ಜಗತ್ತಿನಲ್ಲೇ ಹೆಚ್ಚು ಕಾಫಿ ಬೆಳೆಯುವ ದೇಶವನ್ನಾಗಿ ವಿಯೆಟ್ನಾಮನ್ನು ಮಾಡಿದೆ. ಕಾಳುಮೆಣಸಿನಲ್ಲಿ ಅದಕ್ಕೇ ಮೊದಲ ಸ್ಥಾನ. ಕೊಡಗು, ಚಿಕ್ಕಮಗಳೂರಿನ ಬೆಳೆಗಾರರು ಆ ಹೆಸರನ್ನು ಆತಂಕದಿಂದಲೇ ಕೇಳುತ್ತಾರೆ. ಅಗ್ಗದ ಮೆಣಸಿನ ಆಮದು ತಡೆಯಲು ಕೇಂದ್ರ ಸರ್ಕಾರ 2017ರ ಡಿಸೆಂಬರಿನಲ್ಲಿ ಕಿಲೋಗೆ 500 ರೂಪಾಯಿ ಕನಿಷ್ಠ ಆಮದು ಬೆಲೆ ನಿಗದಿ ಮಾಡಬೇಕಾಯಿತು. ಪೈಪೋಟಿ ಇದ್ದರೂ ಕಷ್ಟ ಒಂದೇ. ನಮ್ಮವರು ಹೂಮಳೆಗೆ ಆಕಾಶ ನೋಡುವ ಬೇಸಿಗೆಯಲ್ಲಿ ಅಲ್ಲಿಯ ರೈತರು ಹೂವಿಗಾಗಿ ಬಾವಿಯಿಂದ ನೀರೆತ್ತುತ್ತಾರೆ, ಬಾವಿ ವರ್ಷದಿಂದ ವರ್ಷಕ್ಕೆ ಆಳವಾಗುತ್ತಿದೆ.

ಯುದ್ಧದ ಮಾತಿಲ್ಲದೆ ವಿಯೆಟ್ನಾಂ ಬಗ್ಗೆ ಬರೆಯಲಾಗದು. ಆದರೆ ಸುರಂಗಗಳಿಗೂ ಟ್ಯಾಂಕುಗಳಿಗೂ ಬದಲು ನಾನು ಓದುಗರನ್ನು ಕರೆದೊಯ್ಯಬಯಸುವುದು ಸೈಗಾನಿನ ಆಗ್ನೇಯಕ್ಕಿರುವ ಕಾನ್ ಜಾ ಎಂಬ ಕಾಂಡ್ಲಾ ಕಾಡಿಗೆ. 1962ರಿಂದ 1971ರವರೆಗೆ ಅಮೆರಿಕದ ವಿಮಾನಗಳು ದಕ್ಷಿಣ ವಿಯೆಟ್ನಾಮಿನ ಮೇಲೆ 7 ಕೋಟಿ ಲೀಟರಿಗೂ ಹೆಚ್ಚು ಸಸ್ಯನಾಶಕ ಸುರಿದವು. ಅದರಲ್ಲಿ ಬಹುಪಾಲು ಏಜೆಂಟ್ ಆರೆಂಜ್. ಉಬ್ಬರದ ನೀರಿನಲ್ಲಿ ಬೇರೂರಿದ್ದ ಈ ಕಾಡು ಬೂದಿಬಣ್ಣದ ಕೆಸರಾಯಿತು. 1978ರಿಂದ ಜನ ದೇಶದ ದಕ್ಷಿಣ ತುದಿಯ ಕಾ ಮಾವ್‌ನಿಂದ ಕಾಂಡ್ಲಾದ ಉದ್ದನೆಯ ಮೊಳಕೆಗಳನ್ನು ದೋಣಿಗಳಲ್ಲಿ ತಂದು, ಮೊಣಕಾಲುದ್ದದ ಕೆಸರಿನಲ್ಲಿ ಒಂದೊಂದಾಗಿ ಚುಚ್ಚಿ ನೆಟ್ಟರು. ಭತ್ತ ನಾಟಿ ಬಲ್ಲ ಕೈಗಳಿಗೆ ಆ ಕೆಲಸ ಹೊಸದಲ್ಲ. 2000ದಲ್ಲಿ ಯುನೆಸ್ಕೊ ಅದನ್ನು ಜೀವಗೋಳ ರಕ್ಷಿತ ಪ್ರದೇಶ ಎಂದು ಮಾನ್ಯ ಮಾಡಿತು. ಇಂದು ಅಲ್ಲಿ ನಿಂತಿರುವ ಕಾಡು ಮನುಷ್ಯರು ನೆಟ್ಟದ್ದು ಎಂದು ಹೇಳಿದರೆ ಮಾತ್ರ ತಿಳಿಯುತ್ತದೆ. ವಿಷ ತಾಕಿದ ಮನೆತನಗಳಲ್ಲಿ ಅಂಗವೈಕಲ್ಯದ ಮಕ್ಕಳನ್ನು ಸಾಕುತ್ತಿರುವ ತಾಯಂದಿರಿಗೆ ಇಂಥ ಮರುಹುಟ್ಟು ಸಿಕ್ಕಿಲ್ಲ.

ಇಲ್ಲಿಂದ ಮುಂದೆ ಮೆಕಾಂಗ್. ದೇಶದ ಅರ್ಧಕ್ಕೂ ಹೆಚ್ಚು ಭತ್ತ ಈ ನದಿಯ ಬಯಲಿನದು. ಇಲ್ಲಿ ಪ್ರವಾಹವನ್ನು ಪ್ರವಾಹ ಎನ್ನುವುದಿಲ್ಲ, ‘ನೀರು ತೇಲಿ ಬರುವ ಕಾಲ’ ಎನ್ನುತ್ತಾರೆ. ಆ ನೀರು ಮೆಕ್ಕಲುಮಣ್ಣು ತರುತ್ತದೆ, ಮೀನು ತರುತ್ತದೆ, ಗದ್ದೆಯ ಹುಳು ತೊಳೆಯುತ್ತದೆ. ಮೇಲಿನ ದೇಶಗಳಲ್ಲಿ ಅಣೆಕಟ್ಟುಗಳು ಎದ್ದಮೇಲೆ, ನದಿಯ ಒಡಲಿನಿಂದ ಮರಳು ಎತ್ತತೊಡಗಿದ ಮೇಲೆ ಆ ಕಾಲ ತಪ್ಪಿ ತಪ್ಪಿ ಬರುತ್ತಿದೆ. ಬೇಸಿಗೆಯಲ್ಲಿ ನದಿ ಸೊರಗಿದಾಗ ಕಡಲು ಒಳನುಗ್ಗುತ್ತದೆ. 2016ರಲ್ಲಿ ಉಪ್ಪುನೀರು ಕೆಲವೆಡೆ 90 ಕಿಲೋಮೀಟರ್ ಒಳಗೆ ಬಂದಿತ್ತು. ಕರಾವಳಿಯ ಅಂಚಿನ ರೈತರು ಮಳೆಗಾಲದಲ್ಲಿ ಭತ್ತ, ಬೇಸಿಗೆಯ ಉಪ್ಪುನೀರಿನಲ್ಲಿ ಸಿಗಡಿ ಎಂದು ಅದೇ ಗದ್ದೆಯನ್ನು ಎರಡು ಕಸುಬಿಗೆ ಹಚ್ಚಿದ್ದಾರೆ. ಕುಮಟಾದ ಅಘನಾಶಿನಿ ಅಳಿವೆಯಲ್ಲಿ ಗಜನಿ ಭೂಮಿಯವರು ಕಗ್ಗ ಭತ್ತ ಕೊಯ್ದ ಮೇಲೆ ಸಿಗಡಿ, ಮೀನಿಗೆ ಗದ್ದೆ ಬಿಡುವ ಕ್ರಮ ಇದೇ. ಈ ಎರಡು ಕಡೆಯ ರೈತರು ಒಮ್ಮೆ ಒಟ್ಟಿಗೆ ಕೂತು ಮಾತಾಡಬೇಕು ಎಂಬುದು ನನ್ನ ಆಸೆ.

ಕಾನ್ ತೋ ನಗರದ ಬಳಿಯ ಕಾಯ್ ರಾಂಗ್ ತೇಲುವ ಸಂತೆಗೆ ನಸುಕಿನಲ್ಲೇ ಹೋಗಬೇಕು. ದೋಣಿಗಳ ಇಂಜಿನ್ ಸದ್ದಿನಲ್ಲಿ ಕೂಗಿ ಮಾರುವುದು ಆಗದ ಮಾತು. ಹಾಗಾಗಿ ಪ್ರತಿ ದೋಣಿಯ ಮೂತಿಗೆ ಒಂದು ಬಿದಿರಗಳು, ಅದರ ತುದಿಗೆ ಅಂದಿನ ಸರಕಿನ ಒಂದು ಮಾದರಿ. ಅನಾನಸು ಕಟ್ಟಿದ್ದರೆ ಅನಾನಸು, ಕುಂಬಳ ಕಟ್ಟಿದ್ದರೆ ಕುಂಬಳ. ಇದಕ್ಕೆ ಸಂತೆಯವರದೇ ಲೆಕ್ಕ ಇದೆ. ತೂಗುಹಾಕಿದ್ದನ್ನು ಮಾರುವುದು ಒಂದು. ತೂಗುಹಾಕಿಯೂ ಮಾರದ್ದು, ದೋಣಿಯಲ್ಲೇ ಸಂಸಾರ ಮಾಡುವವರ ಒಣಗಲು ಹಾಕಿದ ಬಟ್ಟೆ. ತೂಗುಹಾಕದೆ ಮಾರುವುದು, ಪುಟ್ಟ ದೋಣಿಗಳು ಹೊತ್ತು ತಿರುಗುವ ಬಿಸಿ ಶಾವಿಗೆ, ಕಾಫಿ. ನಾಲ್ಕನೆಯದು, ಒಂದನ್ನು ತೂಗುಹಾಕಿ ಇನ್ನೊಂದನ್ನು ಮಾರುವುದು. ಗಳುವಿನ ತುದಿಗೆ ಮನೆಗೆ ಹೊದೆಸುವ ಒಣಗರಿ ಕಟ್ಟಿದ್ದರೆ ಮಾರಾಟಕ್ಕಿರುವುದು ದೋಣಿಯೇ ಎಂದು ಅರ್ಥ. ಸೇತುವೆ, ರಸ್ತೆಗಳು ಬಂದು ಸರಕು ಲಾರಿ ಹತ್ತಿದ ಮೇಲೆ ನೂರಾರು ದೋಣಿಗಳಿದ್ದ ಸಂತೆ ಈಗ ಕರಗಿದೆ. ಬೆಳಗಿನ ಮಂಜು ಸರಿದಾಗ ಗಳುಗಳತ್ತ ಕಣ್ಣೆತ್ತಿ, ಎಷ್ಟರ ತುದಿಯಲ್ಲಿ ಗರಿ ತೂಗುತ್ತಿದೆ ಎಂದು ಎಣಿಸುತ್ತಾ ಕೂತೆ.